ಹೊಳಪು ನೆಲದ ಮೇಲೆ ಬಿಳಿಯ ಉಪ್ಪು: ಕಾರಣ ಮತ್ತು ಪರಿಹಾರ

(ಭಾಷಣದ ಪಠ್ಯ)



ಕಾಶಿಯಲ್ಲಿ ಗಂಗಾನದಿಯ ಪಶ್ಚಿಮ ದಂಡೆಯುದ್ದಕ್ಕೂ ಸಾಲುಗೊಂಡಿರುವ ಘಾಟ್‌ಗಳ ಪೈಕಿ ಎರಡು ಕನ್ನಡಿಗರಿಗೆ ವಿಶೇಷವಾಗಿ ಆಪ್ತವಾದವು. ಒಂದು, ಹಿಂದಿನ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್. ಮತ್ತೊಂದು, ಅದರ ಮಗ್ಗುಲಲ್ಲೇ ಉತ್ತರಕ್ಕಿರುವ ಹರಿಶ್ಚಂದ್ರ ಘಾಟ್. ಕೊಟ್ಟ ಮಾತಿಗೆ ತಪ್ಪಲಾರದೆ ರಾಜ್ಯವನ್ನೂ ಮಡದಿ ಮಗನನ್ನೂ ಕಳೆದುಕೊಂಡು, ವೀರಬಾಹುವಿನ ಆಳಾಗಿ ಮಸಣ ಕಾಯ್ದ ದೊರೆಯ ವೃತ್ತಾಂತವನ್ನು ರಾಘವಾಂಕ ಕವಿ ಷಟ್ಪದಿಯಲ್ಲಿ ಕನ್ನಡಿಗರಿಗೆ ತಂದುಕೊಟ್ಟನು. ಆ ಕಥೆ ಮುಂದೆ ನಾಟಕಗಳಿಗೂ 1965ರಲ್ಲಿ ಚಲನಚಿತ್ರಕ್ಕೂ ವಸ್ತುವಾಯಿತು. ಕಾಶಿಯನ್ನು ಎಂದೂ ಕಾಣದ ಕನ್ನಡಿಗರಿಗೂ ಆ ಸ್ಮಶಾನಭೂಮಿ ಅಪರಿಚಿತವಲ್ಲ.

ಆದರೆ ಇಂದಿನ ವಿಷಯ ಪುರಾಣವಲ್ಲ. ಅಂತಹ ಸ್ಥಳದಲ್ಲಿ ಜನರು ಬರಿಗಾಲಲ್ಲಿ ನಿಲ್ಲುವ, ಹೆಗಲ ಮೇಲೆ ಚಟ್ಟ ಹೊತ್ತು ನಡೆಯುವ ನೆಲದ ವಿಷಯ. ಕಾಶಿಯ ಎರಡು ದಹನಘಾಟ್‌ಗಳಾದ ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟ್‌ಗಳಲ್ಲಿ ಹಗಲಿರುಳೆನ್ನದೆ ಅಂತ್ಯಕ್ರಿಯೆ ನಡೆಯುತ್ತದೆ. 1986ರಲ್ಲಿ ಆರಂಭವಾದ ಗಂಗಾ ಕಾರ್ಯಯೋಜನೆಯ ಅಂಗವಾಗಿ ಹರಿಶ್ಚಂದ್ರ ಘಾಟಿನಲ್ಲಿ ಕಾಂಕ್ರೀಟಿನ ವಿದ್ಯುತ್ ಚಿತಾಗಾರವೊಂದು ನಿರ್ಮಾಣವಾಯಿತು. 2023ರ ಜುಲೈ 7ರಂದು ಈ ಎರಡೂ ಘಾಟ್‌ಗಳ ಪುನರಭಿವೃದ್ಧಿ ಕಾಮಗಾರಿಗೆ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ನೆರವೇರಿಸಿದರು. ನದೀತೀರದಲ್ಲಿ ಹೊಸ ಕಟ್ಟಡ ಏಳುವಾಗ ಗೋಡೆ, ಛಾವಣಿ, ಹೊಗೆ ಕೊಳವೆಗಳ ಬಗೆಗೆ ಸಾಕಷ್ಟು ಚರ್ಚೆ ನಡೆಯುವುದುಂಟು. ನೆಲದ ಬಗೆಗೆ ನಡೆಯುವ ಚರ್ಚೆ ಕಡಿಮೆ. ನೆಲ ಕೈಕೊಡುವುದೂ ಕಟ್ಟಡದ ಉದ್ಘಾಟನೆಯಾದ ಮೇಲೆಯೇ.

ಕೈಕೊಡುವ ಬಗೆಯಾದರೂ ಎಂಥದು? ಕನ್ನಡಿಯಂತೆ ಹೊಳೆಯುತ್ತಿದ್ದ ಕಾಂಕ್ರೀಟ್ ನೆಲದ ಮೇಲೆ ಒಂದು ದಿನ ತೆಳುವಾದ ಬಿಳಿಯ ಪೊರೆ ಕಾಣಿಸಿಕೊಳ್ಳುತ್ತದೆ. ಒರೆಸಿದರೆ ಮಾಯವಾಗುತ್ತದೆ, ಒಣಗಿದ ಕೂಡಲೇ ಮರಳುತ್ತದೆ. ಕೆಲವೆಡೆ ಹತ್ತಿಯ ಎಳೆಯಂತೆ, ಕೆಲವೆಡೆ ಸುಣ್ಣದ ಚುಕ್ಕೆಯಂತೆ, ಬಿರುಕು ಮತ್ತು ಸಂದುಗಳ ಗುಂಟ ಗೆರೆ ಎಳೆದಂತೆ ಹಬ್ಬುತ್ತದೆ. ಕರಾವಳಿ ಮತ್ತು ಮಲೆನಾಡಿನ ಹಳೆಯ ಮನೆಗಳಲ್ಲಿ ಕೆಂಪು ಗಾರೆಯ ನೆಲವನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಮಳೆಗಾಲ ಮುಗಿದು ಬಿಸಿಲು ಬಿದ್ದಾಗ ಗೋಡೆಯ ಬುಡದಲ್ಲಿ ಕೆಂಪು ಬಣ್ಣವೆಲ್ಲ ಬಿಳಿಚಿಕೊಂಡಿರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರು ಇದನ್ನೇ ಗದ್ದೆಯಲ್ಲಿ ಕಂಡು ಚೌಳು ಎನ್ನುತ್ತಾರೆ. ನೀರು ಹೆಚ್ಚಾಗಿ ನಿಂತ ಭೂಮಿಯಲ್ಲಿ ಆಳದ ಲವಣ ಮೇಲೆದ್ದು ಬರುವುದೂ, ಹೊಳಪು ನೆಲದ ಮೇಲೆ ಉಪ್ಪು ಮೂಡುವುದೂ ಮೂಲತಃ ಒಂದೇ ಕ್ರಿಯೆ.

ಉತ್ತರ ಪ್ರದೇಶದ ಪೂರ್ವಭಾಗ ಮತ್ತು ಬಿಹಾರದಲ್ಲಿ ಇದಕ್ಕೆ ನೋನಾ ಅಥವಾ ಲೋನಾ ಎಂದು ಹೆಸರು. ಅಲ್ಲಿ ಅದು ಒಂದು ಕಾಲಕ್ಕೆ ಜೀವನೋಪಾಯವೂ ಆಗಿತ್ತು. ನೋನಿಯಾ ಸಮುದಾಯದವರು ಹಳ್ಳಿಗಳ ಹಳೆಯ ಮಣ್ಣುಗೋಡೆ, ದನದ ಕೊಟ್ಟಿಗೆ ಮತ್ತು ಅಂಗಳಗಳ ಮೇಲೆ ಮೂಡಿದ ಬಿಳಿಯ ಪುಡಿಯನ್ನು ಕೆರೆದು, ನೀರಿನಲ್ಲಿ ಕರಗಿಸಿ, ಕುದಿಸಿ ಪೆಟ್ಲುಪ್ಪನ್ನು ತೆಗೆಯುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿ ಪಾಟ್ನಾದಿಂದ ಈ ಪೆಟ್ಲುಪ್ಪನ್ನು ಹಡಗುಗಳಲ್ಲಿ ತುಂಬಿ ಯೂರೋಪಿಗೆ ಸಾಗಿಸಿತು. ಅಲ್ಲಿಯ ಸಮರಗಳ ಮದ್ದುಗುಂಡಿಗೆ ಅದು ಬೇಕಾಗಿತ್ತು. ಗಂಗೆಯ ಬಯಲಿನ ಮಣ್ಣಿನಲ್ಲಿ ಲವಣ ಎಷ್ಟು ಸುಲಭವಾಗಿ ಮೇಲೇರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈ ಬಿಳಿಯ ವಸ್ತು ಕೊಳೆಯಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಅದು ನೀರು ಬಿಟ್ಟುಹೋದ ಗುರುತು. ಉಪ್ಪು ಮೇಲೆ ಬರಬೇಕಾದರೆ ಮೂರು ಸಂಗತಿಗಳು ಕೂಡಬೇಕಾಗುತ್ತದೆ: ಕರಗಬಲ್ಲ ಲವಣ, ಅದನ್ನು ಕರಗಿಸಿ ಹೊತ್ತು ತರುವ ನೀರು, ಆ ನೀರು ಸಾಗಿ ಬಂದು ಆವಿಯಾಗಲು ಒಂದು ದಾರಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಕಾಂಕ್ರೀಟಿನ ಸೂಕ್ಷ್ಮರಂಧ್ರಗಳು ತಳದ ತೇವವನ್ನು ಮೇಲಕ್ಕೆಳೆಯುತ್ತವೆ. ಮೇಲ್ಮೈಯಲ್ಲಿ ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಮೂರರಲ್ಲಿ ಒಂದನ್ನು ತಡೆದರೂ ಉಪ್ಪು ಮೂಡುವುದಿಲ್ಲ. ಲವಣವನ್ನು ಸಂಪೂರ್ಣವಾಗಿ ನಿವಾರಿಸುವುದು ಕಷ್ಟ, ಏಕೆಂದರೆ ಅದು ಸಿಮೆಂಟಿನಲ್ಲಿಯೇ ಇದೆ. ತಡೆಯಬಹುದಾದದ್ದು ನೀರನ್ನು.

ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಅದರೊಳಗೆ ಗಣನೀಯ ಪ್ರಮಾಣದಲ್ಲಿ ಅರಳಿದ ಸುಣ್ಣ ಉತ್ಪತ್ತಿಯಾಗುತ್ತದೆ. ಗಟ್ಟಿಯಾದ ಸಿಮೆಂಟಿನ ಐದನೆಯ ಒಂದು ಪಾಲಿನಷ್ಟು ಅಥವಾ ತುಸು ಹೆಚ್ಚು ಈ ಸುಣ್ಣವೇ ಆಗಿರುತ್ತದೆ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು ಎರಡು ಗ್ರಾಮಿಗೂ ಕಡಿಮೆ. ಆದರೂ ವಿಚಿತ್ರವೆಂದರೆ, ಸಕ್ಕರೆಯಂತಲ್ಲದೆ ಅದು ಬಿಸಿನೀರಿಗಿಂತ ತಣ್ಣೀರಿನಲ್ಲಿ ಹೆಚ್ಚಾಗಿ ಕರಗುತ್ತದೆ. ಚಳಿಗಾಲದಲ್ಲಿ ಹೊಸ ನೆಲ ಬೇಗನೆ ಬಿಳಿಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಮೇಲೆ ಬಂದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅನ್ನು ಹೀರಿಕೊಂಡು ಸುಣ್ಣಕಲ್ಲಿನ ಗುಣದ, ನೀರಿನಲ್ಲಿ ಕರಗದ ಪದರವಾಗುತ್ತದೆ. ಮೊದಲ ದಿನಗಳಲ್ಲಿ ಕುಂಚಕ್ಕೆ ಬಿಟ್ಟುಬರುವ ಬಿಳುಪು ಕೆಲವು ವಾರಗಳ ಮೇಲೆ ಉಜ್ಜಿದರೂ ಬಾರದಿರುವುದು ಈ ಕಾರಣದಿಂದ.

ಇದು ಸಿಮೆಂಟಿನ ಸ್ವಂತ ಉಪ್ಪು. ಹರಿಶ್ಚಂದ್ರ ಘಾಟಿನಂತಹ ಸ್ಥಳದಲ್ಲಿ ಇದರ ಜೊತೆಗೆ ಹೊರಗಿನ ಉಪ್ಪುಗಳೂ ಸೇರುತ್ತವೆ. ಕಟ್ಟಿಗೆಯ ಬೂದಿಯಲ್ಲಿ ಕ್ಷಾರವಿದೆ. ಹಿಂದಿನವರು ಬೂದಿಯ ತಿಳಿನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದುದು ಆ ಕ್ಷಾರದ ಬಲದಿಂದಲೇ. ಅದರ ಮುಖ್ಯ ಭಾಗವಾದ ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವವನ್ನು ತಾನೇ ಸೆಳೆದುಕೊಳ್ಳುವ ಸ್ವಭಾವದ್ದು. ಬೂದಿನೀರು ಇಂಗಿದ ಜಾಗ ಮಳೆಗಾಲದಲ್ಲಿ ಒಣಗದೆ ಕಪ್ಪಗೆ ನೆನೆದಂತಿದ್ದು, ಬಿಸಿಲು ಬಂದಾಗ ಬಿಳಿಚಿಕೊಳ್ಳುತ್ತದೆ. ಜನಸಂದಣಿ, ಜಾನುವಾರು ಮತ್ತು ಚರಂಡಿಗಳ ದೆಸೆಯಿಂದ ಮಣ್ಣಿನಲ್ಲಿ ನೈಟ್ರೇಟ್ ಸೇರುತ್ತದೆ. ಸಾಲದೆಂಬಂತೆ, ನೆಲವನ್ನು ದಿನಕ್ಕೆ ಹಲವು ಬಾರಿ ನೀರು ಹಾಕಿ ತೊಳೆಯಲೇಬೇಕು. ಶುಚಿತ್ವದ ದೃಷ್ಟಿಯಿಂದಲೂ ಶಾಸ್ತ್ರದ ದೃಷ್ಟಿಯಿಂದಲೂ ಅದನ್ನು ಬೇಡವೆನ್ನುವಂತಿಲ್ಲ.

ಇವೆಲ್ಲಕ್ಕೂ ಮಿಗಿಲಾದದ್ದು ಗಂಗೆಯ ನೆರೆ. ವಾರಾಣಸಿಯಲ್ಲಿ ನದಿಯ ಅಪಾಯದ ಮಟ್ಟ 71.262 ಮೀಟರ್. 1978ರ ಸೆಪ್ಟೆಂಬರಿನಲ್ಲಿ ನೀರು 73.901 ಮೀಟರಿನವರೆಗೆ ಏರಿತ್ತು. ಅಂತಹ ಮಹಾಪೂರ ಬಾರದಿದ್ದರೂ ಶ್ರಾವಣ, ಭಾದ್ರಪದಗಳಲ್ಲಿ ಘಾಟ್‌ಗಳ ಕೆಳಮೆಟ್ಟಿಲುಗಳು ಮುಳುಗುವುದು ವರ್ಷವರ್ಷದ ಮಾತು. ನೆರೆ ಹೆಚ್ಚಾದಾಗ ಹರಿಶ್ಚಂದ್ರ ಘಾಟಿನಲ್ಲಿ ಶವಸಂಸ್ಕಾರವನ್ನು ಮೇಲಿನ ಮೆಟ್ಟಿಲುಗಳಲ್ಲಿ, ಒಮ್ಮೊಮ್ಮೆ ಗಲ್ಲಿಗಳಲ್ಲಿಯೂ ನಡೆಸಬೇಕಾಗುತ್ತದೆ. ನೀರಿಳಿದ ಮೇಲೆ ಉಳಿಯುವುದು ಮೆಕ್ಕಲುಮಣ್ಣಿನ ದಪ್ಪ ಹೊದಿಕೆ, ಅದರಡಿಯಲ್ಲಿ ಪೂರ್ಣವಾಗಿ ನೆನೆದ ನೆಲ ಮತ್ತು ಗೋಡೆ. ಆ ನೀರು ಮುಂದೆ ತಿಂಗಳುಗಟ್ಟಲೆ ಆವಿಯಾಗಿ ಹೊರಹೋಗುತ್ತಿರುತ್ತದೆ. ಇಟ್ಟಿಗೆ ಗೋಡೆಗಳಲ್ಲಿ ಅದು ಒಂದು ಮೀಟರಿನೆತ್ತರಕ್ಕೆ ಏರುವುದು ಸಾಮಾನ್ಯ.

ಉಪ್ಪು ಮೇಲ್ಮೈಯಲ್ಲಿ ಹೂವಿನಂತೆ ಅರಳಿದರೆ ಅದು ನೋಟಕ್ಕೆ ಕುಂದು, ಅಷ್ಟೆ. ಅಪಾಯವಿರುವುದು ಅದು ಮೇಲ್ಮೈಯ ಕೆಳಗೆ, ಕಣ್ಣಿಗೆ ಕಾಣದಂತೆ ಹರಳುಗಟ್ಟಿದಾಗ. ಸೋಡಿಯಂ ಸಲ್ಫೇಟ್ ಎಂಬ ಲವಣದ ನಡತೆ ಈ ವಿಷಯದಲ್ಲಿ ಕುಖ್ಯಾತವಾದುದು. ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಅದು ನೀರಿನಂಶವಿಲ್ಲದ ಹರಳಾಗಿರುತ್ತದೆ. ಉಷ್ಣತೆ ಇಳಿದು ತೇವ ಸಿಕ್ಕಾಗ ತನ್ನ ಒಂದೊಂದು ಅಣುವಿಗೆ ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡು, ಗಾತ್ರದಲ್ಲಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಕಾಶಿಯ ಹವೆಯಲ್ಲಿ ಈ ಉಷ್ಣತೆಯ ಗೆರೆಯನ್ನು ನೆಲ ಒಂದೇ ದಿನದಲ್ಲಿ ಎರಡು ಸಲ ದಾಟುವ ದಿನಗಳು ಅನೇಕ. ಹರಳು ಹಿಗ್ಗಿದಂತೆಲ್ಲ ರಂಧ್ರದ ಗೋಡೆಗಳು ಒಡೆದು, ಮೇಲ್ಪದರ ಹಪ್ಪಳದಂತೆ ಎದ್ದು ಕಳಚುತ್ತದೆ. ಘಾಟ್‌ಗಳಿಗೆ ಬಳಸಿರುವ ಚುನಾರಿನ ಮರಳುಗಲ್ಲು ಸಾಮಾನ್ಯವಾದ ಕಲ್ಲಲ್ಲ. ಮಿರ್ಜಾಪುರ ಜಿಲ್ಲೆಯ ಆ ಕಲ್ಲಿನಿಂದಲೇ ಅಶೋಕನ ಸ್ತಂಭಗಳು ಹೊಳಪುಗೊಂಡು ನಿಂತವು. ಸಾರನಾಥದ ಸಿಂಹಶೀರ್ಷದ ಮೆರುಗು ಇಂದಿಗೂ ಮಾಸಿಲ್ಲ. ಅಂತಹ ಕಲ್ಲೂ ನೀರಂಚಿನ ಮೆಟ್ಟಿಲುಗಳಲ್ಲಿ ಪದರಪದರವಾಗಿ ಸುಲಿಯುವುದನ್ನು ನೋಡಿದರೆ, ಕೆಲವೇ ಮಿಲಿಮೀಟರಿನ ಹೊಳಪನ್ನು ನಂಬಿದ ಕಾಂಕ್ರೀಟಿನ ಗತಿಯೇನೆಂದು ಊಹಿಸಬಹುದು. ಕಳಚಿದ ನೆಲದಲ್ಲಿ ತೊಳೆದ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ. ಚಟ್ಟ ಹೊತ್ತವನ ಕಾಲು ಅಲ್ಲಿ ಜಾರಿದರೆ ಆಗುವ ನೋವು ಮೈಯದಷ್ಟೇ ಅಲ್ಲ.

ಇನ್ನು ರೂಢಿಯಲ್ಲಿರುವ ತಪ್ಪುಗಳ ಬಗೆಗೆ ತುಸು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಉಪ್ಪಿಗಿಂತ ಹೆಚ್ಚಿನ ಹಾನಿ ಆಗುವುದು ಇವುಗಳಿಂದಲೇ.

ಬಿಳುಪು ಕಂಡೊಡನೆ ಆಸಿಡ್ ಸುರಿಯುವುದು ಮೊದಲನೆಯ ತಪ್ಪು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ದೊರೆಯುವ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣದ ಪದರವನ್ನು ನೊರೆಯೆಬ್ಬಿಸಿ ಕರಗಿಸುತ್ತದೆ ಎಂಬುದು ನಿಜ. ಆದರೆ ಹೊಳಪು ನೆಲದ ಮೈಯೂ ಅದೇ ಸುಣ್ಣದ ಸಂಬಂಧಿಯೇ ಆದುದರಿಂದ ಆಮ್ಲ ಎರಡಕ್ಕೂ ಭೇದವೆಣಿಸುವುದಿಲ್ಲ. ಮೊಸಾಯಿಕ್ ನೆಲದಲ್ಲಿಯ ಅಮೃತಶಿಲೆಯ ಚೂರುಗಳಂತೂ ಒಂದೇ ತೊಳೆತಕ್ಕೆ ಕಾಂತಿಗುಂದುತ್ತವೆ. ಆಮ್ಲ ಬಿಟ್ಟುಹೋಗುವ ಕ್ಲೋರೈಡ್ ನೆಲದೊಳಕ್ಕೆ ಇಳಿದು, ಕಬ್ಬಿಣದ ಸರಳುಗಳಿದ್ದಲ್ಲಿ ಅವುಗಳ ತುಕ್ಕಿಗೆ ದಾರಿ ಮಾಡುತ್ತದೆ. ಜೊತೆಗೆ ಇನ್ನೊಂದು ಕರಗುವ ಲವಣವನ್ನು ಉಡುಗೊರೆಯಾಗಿ ಕೊಟ್ಟಂತಾಗುತ್ತದೆ. ಆ ಆಸಿಡ್ಡನ್ನು ಬಳಿಯುವವರು ಸಾಮಾನ್ಯವಾಗಿ ಕೈಗವಸು, ಕನ್ನಡಕಗಳಿಲ್ಲದ ಶುಚಿತ್ವ ಕಾರ್ಮಿಕರು ಎಂಬುದನ್ನೂ ಮರೆಯುವಂತಿಲ್ಲ. ಅದರ ಹೊಗೆ ಕಣ್ಣು ಮತ್ತು ಶ್ವಾಸಕೋಶಗಳಿಗೆ ಅಪಾಯಕಾರಿ.

ಎರಡನೆಯದು, ಬಿಳುಪನ್ನು ಮುಚ್ಚಿಬಿಡುವುದು. ಒರೆಸಿ, ಅದರ ಮೇಲೆ ಎಪಾಕ್ಸಿ ಲೇಪನವನ್ನೋ ಮಿರುಗುವ ಮೇಣವನ್ನೋ ಬಳಿದರೆ ಉದ್ಘಾಟನೆಯ ದಿನಕ್ಕೆ ನೆಲ ಸೊಗಸಾಗಿ ಕಾಣುತ್ತದೆ. ಕೆಳಗಿನಿಂದ ಬರುವ ನೀರಿಗೆ ಮಾತ್ರ ಅದರ ಅರಿವಿಲ್ಲ. ಹೊರದಾರಿ ಮುಚ್ಚಿದ್ದರಿಂದ ಲವಣ ಲೇಪನದ ಕೆಳಗೆ ಹರಳುಗಟ್ಟುತ್ತದೆ. ಹೊರಗೆ ಅರಳಿ ಹೋಗಬೇಕಾಗಿದ್ದ ಉಪ್ಪು ಹೀಗೆ ಒಳಗೆ ಬಲಿತು, ಲೇಪನ ಗುಳ್ಳೆಯೆದ್ದು ಹಾಳೆಯಂತೆ ಕಿತ್ತುಬರುತ್ತದೆ. ಬರುವಾಗ ಕಾಂಕ್ರೀಟಿನ ಮೇಲ್ಮೈಯನ್ನೂ ಕಚ್ಚಿಕೊಂಡು ಬರುತ್ತದೆ. ಮೇಲೆ ಟೈಲ್ಸ್ ಹಾಸಿದರೆ ಉಪ್ಪು ಸಂದುಗಳಲ್ಲಿ ತಲೆಯೆತ್ತುತ್ತದೆ. ಈ ಎರಡು ತಪ್ಪುಗಳಲ್ಲಿ ಮುಚ್ಚುವುದೇ ಹೆಚ್ಚು ದುಬಾರಿ ಎಂದು ಹೇಳಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಪರೀಕ್ಷೆ. ಇದಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ. ಸುಮಾರು ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಅಂಟುಪಟ್ಟಿಯಿಂದ ಮುಚ್ಚಿ, ಕನಿಷ್ಠ 16 ಗಂಟೆಗಳ ಕಾಲ ಬಿಡಬೇಕು. ತೆಗೆದಾಗ ಹಾಳೆಯ ಅಡಿಯಲ್ಲಿ ಹನಿಗಳು ಕಂಡರೆ ಅಥವಾ ಆ ಜಾಗ ಕಪ್ಪಗಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ ಎಂದರ್ಥ. ಹಾಳೆಯಡಿ ಒಣಗಿದ್ದು ಸುತ್ತಲೂ ಬಿಳುಪಿದ್ದರೆ, ತೊಳೆಯುವ ನೀರು ಅಥವಾ ಸೋರುವ ಕೊಳಾಯಿಯನ್ನು ಅನುಮಾನಿಸಬೇಕು. ನೆಲದ ಒಂದೆರಡು ಕಡೆ ಮಾತ್ರವಲ್ಲ, ಗೋಡೆಯ ಬುಡ, ನಡುಭಾಗ ಮತ್ತು ಸಂದುಗಳ ಬಳಿ ಈ ಪರೀಕ್ಷೆಯನ್ನು ಮಾಡುವುದು ಒಳಿತು.

ಬಿಳುಪಿನ ಜಾತಿಯನ್ನು ತಿಳಿಯುವುದೂ ಸುಲಭ. ಕೆರೆದ ಪುಡಿಯನ್ನು ಶುದ್ಧ ನೀರಿಗೆ ಹಾಕಿದಾಗ ಕರಗಿಹೋದರೆ ಅದು ಸಲ್ಫೇಟ್, ನೈಟ್ರೇಟ್, ಕ್ಲೋರೈಡ್ ಮುಂತಾದ ಕರಗುವ ಲವಣ. ಕರಗದೆ ಉಳಿದು, ಎರಡು ತೊಟ್ಟು ನಿಂಬೆರಸಕ್ಕೆ ನೊರೆಯೆದ್ದರೆ ಅದು ಸುಣ್ಣ. ನಿಂಬೆರಸದ ಪ್ರಯೋಗವನ್ನು ಕೆರೆದ ಪುಡಿಯ ಮೇಲೆ ಮಾಡಬೇಕೇ ಹೊರತು ನೆಲದ ಮೇಲಲ್ಲ. ಹೊಳಪು ಕೊಡುವಾಗ ಬಳಸಿದ ಸಿಲಿಕೇಟ್ ದ್ರಾವಣವನ್ನು ಹೆಚ್ಚಾಗಿ ಸುರಿದು ಒರೆಸದೆ ಬಿಟ್ಟರೂ ನೆಲದ ಮೇಲೆ ಬಿಳಿಯ ಕಲೆ ಉಳಿಯುತ್ತದೆ ಎಂಬುದನ್ನು ಇಲ್ಲಿ ಸೇರಿಸಿ ಹೇಳಬಹುದು. ಅದು ಉಪ್ಪಲ್ಲ, ಕೆಲಸಗಾರಿಕೆಯ ಲೋಪ. ಎಷ್ಟು ಕಾದರೂ ಹೆಚ್ಚುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ನೀರಿನ ಮೂಲವನ್ನು ಸರಿಪಡಿಸಿದ ಮೇಲೆ ಶುಚಿಗೊಳಿಸುವ ಕಾರ್ಯ. ಕರಗುವ ಲವಣವನ್ನು ಎಂದಿಗೂ ಮೊದಲು ನೀರು ಹಾಕಿ ತೊಳೆಯಬಾರದು. ತೊಳೆದರೆ ಅದು ಕರಗಿ ಬಂದ ದಾರಿಯಲ್ಲೇ ಒಳಗೆ ಹೋಗಿ ಕುಳಿತುಕೊಳ್ಳುತ್ತದೆ. ಒಣ ಹವೆಯ ದಿನವನ್ನು ನೋಡಿಕೊಂಡು, ಮೃದುವಾದ ನಾರಿನ ಅಥವಾ ನೈಲಾನ್ ಕುಂಚದಿಂದ ಒಣಗಿದ ಪುಡಿಯನ್ನು ಗುಡಿಸಿ, ಒಟ್ಟುಮಾಡಿ, ನೆಲದಿಂದ ದೂರ ಸಾಗಿಸಬೇಕು. ತಂತಿಯ ಕುಂಚ ಹೊಳಪನ್ನು ಗೀರುತ್ತದೆ. ಉಪ್ಪು ಮತ್ತೆ ಬಂದರೆ ಮತ್ತೆ ಗುಡಿಸಬೇಕು. ಬರಬರುತ್ತ ಅದರ ಪ್ರಮಾಣ ಇಳಿಮುಖವಾಗುತ್ತಿದ್ದರೆ ನೆಲ ತನ್ನಲ್ಲಿಯ ಲವಣವನ್ನು ಹೊರಹಾಕಿ ಮುಗಿಸುತ್ತಿದೆ ಎಂದು ತಿಳಿಯಬಹುದು.

ಹಠ ಹಿಡಿದ ಜಾಗಕ್ಕೆ ಲೇಪದ ಕ್ರಮವುಂಟು. ಹಳೆಯ ಸ್ಮಾರಕಗಳ ಸಂರಕ್ಷಣೆಯಲ್ಲಿ ಇದು ಬಳಕೆಯಲ್ಲಿರುವ ವಿಧಾನ. ಶುದ್ಧವಾದ ಜೇಡಿಮಣ್ಣನ್ನು ಅಥವಾ ಕಾಗದದ ತಿರುಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕಲಸಿ, ಒಂದು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಬಳಿದು, ಒಣಗಲು ಬಿಡಲಾಗುತ್ತದೆ. ಲೇಪ ಒಣಗುವಾಗ ನೆಲದೊಳಗಿನ ಲವಣ ಅದರೊಳಕ್ಕೆ ಎಳೆಯಲ್ಪಡುತ್ತದೆ. ಲೇಪವನ್ನು ಎತ್ತಿ ಬಿಸಾಡಿ, ಅಗತ್ಯವಿದ್ದಲ್ಲಿ ಎರಡು ಮೂರು ಬಾರಿ ಪುನರಾವರ್ತಿಸಬೇಕು. ಗಡಸು ನೀರನ್ನು ಬಳಸಿದರೆ ಪ್ರಯೋಜನವಿಲ್ಲ. ಕೊಳವೆಬಾವಿಯ ನೀರಿಗೆ ಒಗ್ಗಿಹೋದ ನಮ್ಮ ಊರುಗಳಲ್ಲಿ ಇದನ್ನು ನೆನಪಿಡಬೇಕು.

ಸುಣ್ಣದ ಗಟ್ಟಿ ಪದರಕ್ಕೆ ಮಾತ್ರ ಮೃದುವಾದ ಆಮ್ಲದ ಆಶ್ರಯ ಅನಿವಾರ್ಯವಾಗಬಹುದು. ಆಗಲೂ ಹೆಚ್ಚು ನೀರು ಬೆರೆಸಿದ ಸಲ್ಫಾಮಿಕ್ ಆಮ್ಲವನ್ನು, ಮೊದಲು ಮೂಲೆಯೊಂದರಲ್ಲಿ ಪರೀಕ್ಷಿಸಿ, ನೆಲವನ್ನು ಮುಂಚಿತವಾಗಿ ತೇವಗೊಳಿಸಿ, ತಕ್ಷಣ ತೊಳೆದು ತೆಗೆಯುವುದು ಕ್ರಮ. ಹೊಳಪು ಸ್ವಲ್ಪ ಮಂಕಾಗುವುದು ಖಂಡಿತ. ಅನಂತರ ವಜ್ರದ ಪುಡಿಯ ಬಿಲ್ಲೆಗಳಿಂದ ಮತ್ತೆ ಉಜ್ಜಿ ಮೆರುಗು ಕೊಡಬೇಕಾಗುತ್ತದೆ ಎಂಬ ಖರ್ಚನ್ನು ಮುಂಗಡ ಅಂದಾಜಿನಲ್ಲಿಯೇ ಸೇರಿಸುವುದು ಪ್ರಾಮಾಣಿಕತೆ.

ಹೊಸದಾಗಿ ನೆಲ ಹಾಕುವವರಿಗೆ ಕೆಲಸ ಇದಕ್ಕಿಂತ ಸುಲಭ. ಅಡಿಪಾಯದಲ್ಲಿ ಸಣ್ಣ ಪುಡಿಯಿಲ್ಲದ ದಪ್ಪ ಜಲ್ಲಿಯ ಪದರವನ್ನು ಹಾಸಿದರೆ ನೀರು ಮೇಲೇರುವ ಕೊಂಡಿ ಕಡಿಯುತ್ತದೆ. ಅದರ ಮೇಲೆ 250 ಮೈಕ್ರಾನ್, ಅಂದರೆ ಮಾರುಕಟ್ಟೆಯಲ್ಲಿ 1000 ಗೇಜ್ ಎನ್ನುವ ಪಾಲಿಥೀನ್ ಹಾಳೆಯನ್ನು ಸಂದುಗಳಲ್ಲಿ ಒಂದರ ಮೇಲೊಂದು ಬರುವಂತೆ ಹರಡಬೇಕು. ಸರಳು ಕಟ್ಟುವವರ ಕಾಲಡಿ ಆ ಹಾಳೆ ಹರಿಯದಂತೆ ನೋಡಿಕೊಳ್ಳುವುದು ಮೇಲ್ವಿಚಾರಕರ ಹೊಣೆ. ಹರಿದ ಹಾಳೆ ಹಾಸಿಯೂ ಹಾಸದಂತೆಯೇ. ಹಾರುಬೂದಿ ಬೆರೆತ ಸಿಮೆಂಟಾದರೆ ಬಿಡಿಯಾದ ಸುಣ್ಣ ಕಡಿಮೆಯಾಗುತ್ತದೆ. ಹಿಂದಿನ ಗಾರೆಯವರು ಸುಣ್ಣಕ್ಕೆ ಇಟ್ಟಿಗೆಪುಡಿಯಾದ ಸುರಕಿಯನ್ನು ಬೆರೆಸುತ್ತಿದ್ದುದರಲ್ಲಿಯೂ ಇದೇ ತತ್ತ್ವವಿತ್ತು. ಕಲಸುವ ನೀರಿನ ಬಗೆಗೆ ಭಾರತೀಯ ಮಾನಕ 456ರ 2000ನೆಯ ಇಸವಿಯ ಆವೃತ್ತಿಯಲ್ಲಿ ಸ್ಪಷ್ಟ ಮಿತಿಗಳಿವೆ: ಸಲ್ಫೇಟ್ ಲೀಟರಿಗೆ 400 ಮಿಲಿಗ್ರಾಂ, ಕ್ಲೋರೈಡ್ ಸರಳಿಲ್ಲದ ಕಾಂಕ್ರೀಟಿಗೆ 2000, ಸರಳಿರುವ ಕಾಂಕ್ರೀಟಿಗೆ 500 ಮಿಲಿಗ್ರಾಂ. ಇಟ್ಟಿಗೆಗಳಿಗೆ ಮಾನಕ 3495ರ ಪರೀಕ್ಷೆಯಿದೆ. ತಟ್ಟೆಯಲ್ಲಿ 25 ಮಿಲಿಮೀಟರ್ ನೀರಿಟ್ಟು ಅದರಲ್ಲಿ ಇಟ್ಟಿಗೆಯನ್ನು ನಿಲ್ಲಿಸಿ, ನೀರು ಆರಿದ ಮೇಲೆ ಮತ್ತೊಮ್ಮೆ ಹಾಗೆಯೇ ಮಾಡಿ, ಎಷ್ಟು ಭಾಗಕ್ಕೆ ಉಪ್ಪು ಹಿಡಿದಿದೆ ಎಂದು ನೋಡಲಾಗುತ್ತದೆ. ಮನೆ ಕಟ್ಟಿಸುವ ಯಾರಾದರೂ ಇದನ್ನು ಅಡುಗೆಮನೆಯ ತಟ್ಟೆಯಲ್ಲಿಯೇ ಮಾಡಿ ನೋಡಬಹುದು.

ನದೀತೀರದ ಕಟ್ಟಡಗಳಿಗೆ ಇವಿಷ್ಟೇ ಸಾಲವು. ಪ್ರತಿವರ್ಷ ಮುಳುಗುವ ಮಟ್ಟದಲ್ಲಿ ಹೊಳಪಿನ ಕಾಂಕ್ರೀಟ್ ನೆಲವನ್ನು ಹಾಕುವುದೇ ಸಾಧುವಲ್ಲ. ಅಲ್ಲಿ ಒರಟು ಮೈಯ ಕಲ್ಲು ಉಚಿತ. ಜಾರುವುದಿಲ್ಲ, ಉಸಿರಾಡುತ್ತದೆ, ಹಾಳಾದ ಒಂದು ಚಪ್ಪಡಿಯನ್ನು ಎತ್ತಿ ಬೇರೊಂದನ್ನು ಕೂರಿಸಬಹುದು. ಹೊಳಪಿನ ನೆಲವನ್ನು ನೆರೆಯ ಮಟ್ಟಕ್ಕಿಂತ ಮೇಲಿರುವ ಕೊಠಡಿಗಳಿಗೆ, ಕಚೇರಿಗಳಿಗೆ, ಜನರು ಕಾಯುವ ಮೊಗಸಾಲೆಗಳಿಗೆ ಮೀಸಲಿಡಬೇಕು. ತೊಳೆದ ನೀರು ಕೂಡಲೇ ಹರಿದುಹೋಗುವಂತೆ ಇಳಿಜಾರು ಮತ್ತು ಕಾಲುವೆ ಇರಬೇಕು. ಬೂದಿಯನ್ನು ತೊಳೆಯುವ ಮೊದಲು ಒಣಗಿರುವಾಗಲೇ ಸೌದೆ ಸಲಿಕೆಗಳಿಂದಲ್ಲದೆ ಗುಡಿಸಿ ತೆಗೆಯುವ ಅಭ್ಯಾಸವಾದರೆ ನೆಲಕ್ಕಿಳಿಯುವ ಕ್ಷಾರ ಬಹುಮಟ್ಟಿಗೆ ತಪ್ಪುತ್ತದೆ.

ಕಾಲದ ಪ್ರಶ್ನೆಯೊಂದು ಉಳಿಯುತ್ತದೆ. ನವರಾತ್ರಿಯ ಹೊತ್ತಿಗೆ ಗಂಗೆ ಇಳಿದಿರುತ್ತಾಳೆ, ಮೆಕ್ಕಲನ್ನು ತೆಗೆಯಲಾಗುತ್ತದೆ, ಕಾರ್ತಿಕದ ದೀಪೋತ್ಸವಕ್ಕೆ ಎಲ್ಲವೂ ಸಿದ್ಧವಾಗಬೇಕೆಂಬ ಅವಸರವಿರುತ್ತದೆ. ದುರಸ್ತಿಯ ಕೆಲಸ ಆ ದಿನಗಳಲ್ಲೇ ನಡೆದರೆ ನೀರು ತುಂಬಿದ ನೆಲಕ್ಕೆ ಮೆರುಗು ಕೊಟ್ಟಂತಾಗುತ್ತದೆ. ಮಾಘ, ಫಾಲ್ಗುಣಗಳವರೆಗೆ ನೆಲವನ್ನು ಆರಲು ಬಿಟ್ಟು, ಪಾಲಿಥೀನ್ ಹಾಳೆಯ ಪರೀಕ್ಷೆಯಲ್ಲಿ ತೇವ ಕಾಣದಿದ್ದಾಗ ಮಾತ್ರ ಕೆಲಸಕ್ಕೆ ಕೈಹಚ್ಚುವುದು ಯುಕ್ತ. ಕರ್ನಾಟಕದಲ್ಲಿಯೂ ನದಿದಡದ ಛತ್ರ, ದೇವಾಲಯ ಮತ್ತು ಕಲ್ಯಾಣಮಂಟಪಗಳ ಆಡಳಿತ ಮಂಡಳಿಗಳು ಇದೇ ಕ್ರಮವನ್ನು ಅನುಸರಿಸಬಹುದು. ನೆಲದ ಕೆಲಸವನ್ನು ಗುತ್ತಿಗೆಗೆ ಕೊಡುವಾಗ, ಒಂದು ಮಳೆಗಾಲ ಮತ್ತು ಅದರ ಹಿಂದಿನ ಚಳಿಗಾಲ ಕಳೆದ ಮೇಲೆ ನೆಲವನ್ನು ಮತ್ತೊಮ್ಮೆ ತಪಾಸಣೆ ಮಾಡಿದ ಬಳಿಕವೇ ಕೊನೆಯ ಕಂತಿನ ಹಣ ಪಾವತಿಯಾಗತಕ್ಕದ್ದು ಎಂಬ ಷರತ್ತನ್ನು ಕರಾರಿನಲ್ಲಿ ಬರೆಸುವುದು ಮೇಲು.